ಆಂಗ್ಲಭಾಷಾ ಪರೀಕ್ಷೆಗೆ ಕನ್ನಡ ವ್ಯಾಕರಣದ ನೆರವು

ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಓಡಿಹೋಗುತ್ತದೆಂಬುದು ಲೋಕದ ಮಾತು. ಆದರೆ ಹತ್ತನೆಯ ತರಗತಿಯ ವಿದ್ಯಾರ್ಥಿಗೆ ನಡುಕ ಆರಂಭವಾಗುವುದೇ ಆಗ. ಅದರಲ್ಲಿಯೂ ಕನ್ನಡ ಮಾಧ್ಯಮದಲ್ಲಿ ಕಲಿತ ಹಳ್ಳಿಯ ಮಗುವಿಗೆ ಆಂಗ್ಲಭಾಷಾ ಪರೀಕ್ಷೆಯೆಂದರೆ ಸಿಂಹಸ್ವಪ್ನ. ಈ ಭಯವನ್ನೇ ಬಂಡವಾಳ ಮಾಡಿಕೊಂಡು ಪೇಟೆಯ ಅಂಗಡಿಗಳಲ್ಲಿ ಖಚಿತ ಪ್ರಶ್ನೆಗಳೆಂಬ ಹೊದಿಕೆಯ ಮಾರ್ಗದರ್ಶಿಗಳು ರಾಶಿ ಬೀಳುತ್ತವೆ. ಕೂಲಿಯ ಹಣದಲ್ಲಿ ತಂದೆಯು ಅದನ್ನು ಕೊಂಡು ತರುತ್ತಾನೆ. ಮಗನು ಅರ್ಥವರಿಯದೆ ಉರು ಹೊಡೆಯುತ್ತಾನೆ. ಪರೀಕ್ಷೆಯ ದಿನ ಪ್ರಶ್ನೆಯ ಒಂದು ಪದವು ಅತ್ತಿತ್ತ ಆದರೂ ಸಾಕು, ಮರಳಿನ ಮನೆಯಂತೆ ಆ ಗಿಣಿಪಾಠವೆಲ್ಲ ಕುಸಿದು ಬೀಳುತ್ತದೆ.

ಇಂಗ್ಲಿಷಿನಲ್ಲಿ ಹೆಚ್ಚು ಅಂಕ ಗಳಿಸಬೇಕೆಂಬ ಬಯಕೆ ತಪ್ಪಲ್ಲ, ಅದು ಅವಶ್ಯವಾದುದೇ. ಆದರೆ ಅದಕ್ಕೆ ಹಿಡಿಯುವ ದಾರಿ ಮಾತ್ರ ತಪ್ಪಾಗಿದೆ. ಕನ್ನಡದ ಮಗುವಿಗೆ ಬೇಕಾದ ಅತ್ಯುತ್ತಮ ಮಾರ್ಗದರ್ಶಿಯು ಅಂಗಡಿಯಲ್ಲಿಲ್ಲ, ಅದರ ಚೀಲದಲ್ಲಿಯೇ ಇದೆ. ಅದುವೇ ಕನ್ನಡ ವ್ಯಾಕರಣ.

ಕರ್ನಾಟಕದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ದ್ವಿತೀಯ ಭಾಷೆಗೆ 100 ಅಂಕಗಳು. ಅವುಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಪಾಠಗಳ ಪ್ರಶ್ನೋತ್ತರ, ಕಂಠಸ್ಥ ಪದ್ಯ ಮೊದಲಾದವುಗಳಿಗೆ ನೆನಪಿನ ಬಲ ನೆರವಾದೀತು. ಆದರೆ ಪತ್ರಲೇಖನ, ಪ್ರಬಂಧ, ಹಿಂದೆಂದೂ ಓದದ ಗದ್ಯಭಾಗವನ್ನು ಗ್ರಹಿಸುವುದು, ಪ್ರಯೋಗ ಪರಿವರ್ತನೆ ಇವುಗಳಿಗೆಲ್ಲ ಸ್ವಂತ ವಾಕ್ಯವನ್ನು ಕಟ್ಟುವ ಶಕ್ತಿಯೇ ಬೇಕು. ಆ ಶಕ್ತಿ ಬರುವುದು ಎರಡು ಭಾಷೆಗಳ ನಡೆಯಲ್ಲಿರುವ ಸಾಮ್ಯವನ್ನೂ ಭೇದವನ್ನೂ ಅರಿತಾಗ.

ಕನ್ನಡದಲ್ಲಿ ‘ಅವಳು ಶಿಕ್ಷಕಿ’ ಎಂದರೆ ವಾಕ್ಯವು ಪೂರ್ಣವಾಯಿತು. ಅಲ್ಲಿ ಕ್ರಿಯಾಪದದ ಹಂಗಿಲ್ಲ. ಇದನ್ನೇ ನಂಬಿದ ವಿದ್ಯಾರ್ಥಿಯು ‘ಶೀ ಟೀಚರ್’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ಇಂಗ್ಲಿಷಿನ ವಾಕ್ಯವು ಕ್ರಿಯಾಪದವಿಲ್ಲದೆ ನಿಲ್ಲಲಾರದು, ಆದುದರಿಂದ ನಡುವೆ ‘ಈಸ್ ಎ’ ಬರಲೇಬೇಕು ಎಂದು ಒಮ್ಮೆ ಕಾರಣಸಹಿತವಾಗಿ ತಿಳಿಸಿದರೆ ಈ ದೋಷವು ತಾನಾಗಿಯೇ ತಗ್ಗುತ್ತದೆ.

ಬರುತ್ತೇನೆ, ಬರುತ್ತೀಯೆ, ಬರುತ್ತಾನೆ, ಬರುತ್ತಾಳೆ, ಬರುತ್ತದೆ ಎಂದು ಕನ್ನಡದ ಕ್ರಿಯಾಪದವು ಕರ್ತೃವಿನ ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ರೂಪ ತಳೆಯುತ್ತದೆ. ಇಂಗ್ಲಿಷಿನ ವರ್ತಮಾನ ಕಾಲದ ಸಾಮಾನ್ಯ ಕ್ರಿಯಾಪದದಲ್ಲಿ ಈ ಸಿರಿಯೆಲ್ಲ ಕರಗಿ ಒಂದೇ ಒಂದು ಗುರುತು ಉಳಿದಿದೆ: ಪ್ರಥಮಪುರುಷ ಏಕವಚನಕ್ಕೆ ಹತ್ತುವ ‘ಎಸ್’. ಕನ್ನಡದ ಪ್ರಥಮಪುರುಷವನ್ನೇ ಇಂಗ್ಲಿಷಿನಲ್ಲಿ ಥರ್ಡ್ ಪರ್ಸನ್ ಎನ್ನುವರೆಂಬುದನ್ನು ಮಾತ್ರ ಮರೆಯಬಾರದು. ಇಷ್ಟೊಂದು ಆಖ್ಯಾತ ಪ್ರತ್ಯಯಗಳನ್ನು ತಾಯಿಯ ಮಡಿಲಲ್ಲಿಯೇ ಕಲಿತ ಮಗುವಿಗೆ ಒಂದು ಅಕ್ಷರವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಭಾರವೇ?

ಕರ್ಮಣಿ ಪ್ರಯೋಗವೂ ಹಾಗೆಯೇ. ‘ರೈತನು ಹೊಲವನ್ನು ಉತ್ತನು’ ಎಂಬುದು ‘ರೈತನಿಂದ ಹೊಲವು ಉಳಲ್ಪಟ್ಟಿತು’ ಎಂದಾಗುವುದನ್ನು ಕನ್ನಡ ತರಗತಿಯಲ್ಲಿ ಕಲಿತಿರುತ್ತಾರೆ. ಇಲ್ಲಿಯ ‘ಇಂದ’ ಎಂಬುದು ಅಲ್ಲಿಯ ‘ಬೈ’. ಇಲ್ಲಿಯ ‘ಪಟ್ಟಿತು’ ಮಾಡುವ ಕೆಲಸವನ್ನು ಅಲ್ಲಿ ‘ವಾಸ್’ ಮಾಡುತ್ತದೆ. ಇಂಗ್ಲಿಷ್ ತರಗತಿಯಲ್ಲಿ ಪ್ಯಾಸಿವ್ ವಾಯ್ಸ್ ಎಂದು ಕೇಳಿ ಬೆದರುವ ವಿದ್ಯಾರ್ಥಿಗೆ, ಇದು ತನ್ನ ಹಳೆಯ ಪರಿಚಯದ್ದೇ ಎಂದು ಹೇಳುವವರಿಲ್ಲದಿರುವುದು ಶೋಚನೀಯ.

ಭೇದವಿರುವ ಕಡೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ನಾನು ನಾಳೆ ಬರುತ್ತೇನೆ ಎಂದು ರಾಮನು ಹೇಳಿದನು’ ಎಂಬಲ್ಲಿ ಕನ್ನಡವು ‘ಎಂದು’ ಎಂಬ ಒಂದೇ ಅವ್ಯಯದಿಂದ ರಾಮನ ಮಾತನ್ನು ಇದ್ದಂತೆಯೇ ಕಾಪಾಡುತ್ತದೆ. ಇಂಗ್ಲಿಷಿನ ಪರೋಕ್ಷ ಕಥನದಲ್ಲಿ ‘ಐ’ ಎಂಬುದು ‘ಹೀ’ ಆಗಬೇಕು, ‘ವಿಲ್’ ಎಂಬುದು ‘ವುಡ್’ ಆಗಬೇಕು, ‘ಟುಮಾರೊ’ ಎಂಬುದು ‘ದ ನೆಕ್ಸ್ಟ್ ಡೇ’ ಆಗಬೇಕು. ವಿದ್ಯಾರ್ಥಿಯು ಎಡವುವುದು ಬುದ್ಧಿಮಾಂದ್ಯದಿಂದಲ್ಲ, ತನ್ನ ಭಾಷೆಯ ಸಹಜ ನಡೆಯನ್ನೇ ಅನುಸರಿಸಿದ್ದರಿಂದ. ಇದನ್ನು ಅರಿಯದೆ ಅವನನ್ನು ದಡ್ಡನೆಂದು ಜರೆಯುವುದು ಅನ್ಯಾಯ.

ಹೀಗೆ ಎರಡು ಭಾಷೆಗಳನ್ನು ಎದುರುಬದುರು ಇಟ್ಟು ನೋಡುವ ಪದ್ಧತಿ ಹೊಸದಲ್ಲ. ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನು ವ್ಯಾಸಂಗ ಮಾಡಿ, 1872ರಲ್ಲಿ ಅದನ್ನು ಸಂಪಾದಿಸಿ ಪ್ರಕಟಿಸಿದರು. 1894ರಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. 1903ರಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಪರಭಾಷೆಯ ಅಂತರಂಗವನ್ನು ಹೊಗಲು ಆ ಮಹನೀಯರಿಗೆ ವ್ಯಾಕರಣವೇ ಬಾಗಿಲಾಯಿತು. ಅವರು ಅತ್ತಣಿಂದ ಇತ್ತ ದಾಟಿದ ಸೇತುವೆಯ ಮೇಲೆ ಕನ್ನಡದ ಮಗುವು ಇತ್ತಣಿಂದ ಅತ್ತ ದಾಟಲಾಗದೆಂದು ಹೇಳುವುದು ಸರಿಯಲ್ಲ.

ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕು, ನಡುವೆ ಕನ್ನಡ ಸುಳಿಯಬಾರದು ಎಂದು ವಾದಿಸುವವರುಂಟು. ಕೇಳುವುದಕ್ಕೂ ಮಾತನಾಡುವುದಕ್ಕೂ ಆ ಮಾತು ಬಹುಮಟ್ಟಿಗೆ ನಿಜ. ಕಿವಿಗೆ ಬೀಳದ ಭಾಷೆ ನಾಲಗೆಗೆ ಬಾರದು. ಆದರೆ ಮನೆಯಲ್ಲಿಯೂ ಬೀದಿಯಲ್ಲಿಯೂ ಇಂಗ್ಲಿಷನ್ನು ಕೇಳದ ಮಗುವಿಗೆ ವಾರದ ಕೆಲವೇ ಅವಧಿಗಳಲ್ಲಿ ಆ ವಾತಾವರಣವನ್ನು ಸೃಷ್ಟಿಸಲು ಆದೀತೇ? ಇರುವ ಅಲ್ಪ ಕಾಲದಲ್ಲಿ, ಬಲ್ಲ ಭಾಷೆಯ ದೀಪ ಹಿಡಿದು ಅರಿಯದ ಭಾಷೆಯ ಕೋಣೆಯನ್ನು ಹೊಗುವುದೇ ಜಾಣತನ.

ವ್ಯಾಕರಣದ ತಿಳಿವೊಂದೇ ಸಾಲದು, ಅಭ್ಯಾಸವೂ ಬೇಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಹಿಡಿದವನ ಗತಿ ಏನೆಂಬುದು ಎಲ್ಲರಿಗೂ ತಿಳಿದದ್ದೇ. ಜೂನ್ ತಿಂಗಳಿನಿಂದಲೇ ದಿನಕ್ಕೆ ಐದು ವಾಕ್ಯಗಳನ್ನು, ತನ್ನ ಮನೆ, ಹೊಲ, ಸಂತೆ, ಜಾತ್ರೆಗಳನ್ನು ಕುರಿತು ಸ್ವಂತವಾಗಿ ಬರೆಯಬೇಕು. ಗುರುಗಳಿಗೆ ತೋರಿಸಿ ತಿದ್ದಿಸಿಕೊಂಡು, ತಿದ್ದಿದ್ದನ್ನು ಮತ್ತೊಮ್ಮೆ ಬರೆಯಬೇಕು. ಅಜ್ಜಿಯ ಬಾಯಿಂದ ಕೇಳಿದ ಕಥೆಯನ್ನು ಎಂಟು ಹತ್ತು ಸರಳ ವಾಕ್ಯಗಳಲ್ಲಿ ಇಂಗ್ಲಿಷಿಗೆ ತರಬೇಕು. ಪದ್ಯವನ್ನು ಮೊದಲು ಅರ್ಥಮಾಡಿಕೊಂಡು ಬಳಿಕ ಕಂಠಪಾಠ ಮಾಡಬೇಕು. ವಾರಕ್ಕೊಮ್ಮೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಹಳೆಯ ಪ್ರಶ್ನಪತ್ರಿಕೆಗೆ ಉತ್ತರಿಸಬೇಕು. ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಗಳನ್ನು ಓದಲೆಂದೇ ಕೊಡುವ 15 ನಿಮಿಷಗಳನ್ನು ಆತಂಕದಲ್ಲಿ ಕಳೆಯದೆ, ಪ್ರತಿಯೊಂದು ಪ್ರಶ್ನೆಯೂ ಏನನ್ನು ಕೇಳುತ್ತದೆಂಬುದನ್ನು ನಿಧಾನವಾಗಿ ಗ್ರಹಿಸಬೇಕು. ಉದ್ದ ವಾಕ್ಯದಲ್ಲಿ ತಪ್ಪುವುದಕ್ಕಿಂತ ಚಿಕ್ಕ ವಾಕ್ಯದಲ್ಲಿ ಒಪ್ಪಾಗಿರುವುದು ಮೇಲು.

ಶಾಲೆಗಳ ಹೊಣೆಯೂ ಇಲ್ಲಿ ಸಣ್ಣದಲ್ಲ. ಕನ್ನಡ ಪಂಡಿತರು ಒಂದು ಮೂಲೆಯಲ್ಲಿ ವಿಭಕ್ತಿಯನ್ನೂ ಇಂಗ್ಲಿಷ್ ಅಧ್ಯಾಪಕರು ಇನ್ನೊಂದು ಮೂಲೆಯಲ್ಲಿ ಪ್ರಿಪೊಸಿಷನ್ನನ್ನೂ ಒಬ್ಬರನ್ನೊಬ್ಬರು ಅರಿಯದೆ ಬೋಧಿಸುತ್ತಿದ್ದರೆ ಮಗುವು ಇಬ್ಬರ ನಡುವೆ ಅನಾಥವಾಗುತ್ತದೆ. ಇಬ್ಬರೂ ತಿಂಗಳಿಗೊಮ್ಮೆಯಾದರೂ ಒಂದೆಡೆ ಕುಳಿತು, ಉತ್ತರಪತ್ರಿಕೆಗಳಲ್ಲಿ ಕಂಡ ದೋಷಗಳ ಮೂಲವನ್ನು ವಿಚಾರಿಸಿದರೆ, ಹಣದ ಖರ್ಚಿಲ್ಲದೆ ಹೆಚ್ಚಿನ ಲಾಭವಾದೀತು.

ಗಿಣಿಪಾಠದಿಂದ ಬಂದ ಅಂಕವು ಅಂಕಪಟ್ಟಿಯ ಆಚೆಗೆ ಒಂದು ಹೆಜ್ಜೆಯೂ ನಡೆಯಲಾರದು. ಪದವಿಪೂರ್ವ ವಿಜ್ಞಾನ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಇಂಗ್ಲಿಷ್ ಪುಸ್ತಕಗಳು ಕೈಗೆ ಬಂದಾಗ, ಒಳ್ಳೆಯ ಅಂಕ ಪಡೆದ ಅದೇ ಹುಡುಗನು ಒಂದು ಪುಟವನ್ನು ತಾನಾಗಿ ಓದಲಾರದೆ ಕಂಗೆಡುತ್ತಾನೆ. ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತನ್ನ ದೋಷವೆಂದು ಬಗೆದು ತಾಯ್ನುಡಿಯ ಬಗೆಗೆ ನಾಚುತ್ತಾನೆ. ನಾಚಬೇಕಾದವನು ಅವನಲ್ಲ; ಅವನ ಬಳಿಯಿದ್ದ ಬೀಗದ ಕೈಯನ್ನು ಅವನಿಗೆ ತೋರಿಸದೆ ಹೋದ ಶಿಕ್ಷಣಕ್ರಮವು ನಾಚಬೇಕು. ಕನ್ನಡವನ್ನು ಚೆನ್ನಾಗಿ ಬಲ್ಲ ಮಗುವು ಇಂಗ್ಲಿಷಿಗೆ ಅಂಜಬೇಕಾಗಿಲ್ಲ. ಆ ಧೈರ್ಯವನ್ನು ಮೊದಲು ತುಂಬಿದರೆ, ಅಂಕಗಳು ಅದರ ಬೆನ್ನ ಹಿಂದೆಯೇ ಬರುತ್ತವೆ.