ಸಂಘದ ಉಳಿತಾಯ ಯಾರ ಬಳಿಯಿದೆ?

ಬೇಲೂರಿನಂತಹ ಊರುಗಳಲ್ಲಿ ಹತ್ತಿಪ್ಪತ್ತು ಯುವಕರು ಸೇರಿ ಕಟ್ಟಿಕೊಂಡ ಸಣ್ಣ ಸಂಘಗಳಿಗೆ ಕೊರತೆಯಿಲ್ಲ. ಬಡ ಮಕ್ಕಳಿಗೆ ಪುಸ್ತಕ, ಹಾಸನದ ಆಸ್ಪತ್ರೆಗೆ ಸಾಗಿಸಬೇಕಾದ ರೋಗಿಗೆ ವಾಹನದ ಬಾಡಿಗೆ, ಮಯ್ಯಿತ್ತಿನ ಖರ್ಚು ಇತ್ಯಾದಿ ಅವುಗಳ ಕೆಲಸ. ವಂತಿಗೆಯ ಬಹುಪಾಲು ಬರುವುದು ರಮಝಾನ್ ತಿಂಗಳಲ್ಲಿ; ಖರ್ಚು ಮಾತ್ರ ವರ್ಷವಿಡೀ. ಆದ್ದರಿಂದ ಒಂದಿಷ್ಟು ಹಣ ಉಳಿಸಿಡುವುದು ದುರಾಸೆಯಲ್ಲ, ವಿವೇಕ. ಸಮಸ್ಯೆಯಿರುವುದು ಆ ಹಣ ಎಷ್ಟು, ಯಾತಕ್ಕೆ, ಎಲ್ಲಿದೆ ಎಂಬುದು ಸದಸ್ಯರಿಗೇ ತಿಳಿಯದಿರುವುದರಲ್ಲಿ.

ಲೆಕ್ಕ ಕೇಳಿದರೆ 'ನಮ್ಮ ಮೇಲೆ ವಿಶ್ವಾಸವಿಲ್ಲವೇ?' ಎಂಬ ಮರುಪ್ರಶ್ನೆ ಬರುತ್ತದೆ. ಸಾಲದ ವ್ಯವಹಾರವನ್ನು ಬರೆದಿಡಿ, ಸಾಕ್ಷಿಗಳನ್ನಿರಿಸಿ ಎಂದು ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವೇ (ಅಲ್ ಬಕರ: 282) ಆದೇಶಿಸಿರುವಾಗ ಈ ಮುನಿಸು ವಿಚಿತ್ರವೇ ಸರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿತ ಸಂಘವು ಪ್ರತಿವರ್ಷ ಮಹಾಸಭೆ ನಡೆಸಿ, ಪರಿಶೋಧಿತ ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಸಂಘ ವಿಸರ್ಜನೆಯಾದರೂ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಕೋಶಾಧಿಕಾರಿಯ ಕೈಯಲ್ಲಿರುವುದು ಕೇವಲ ಅಮಾನತ್ತು.

ಇನ್ನು ಬಡ್ಡಿಯ ವಿಷಯ. ಬಡ್ಡಿಗೆ ಅಂಜಿ ಎಷ್ಟೋ ಕಡೆ ಸಂಘದ ನಗದು ಯಾರದೋ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದ್ದು, ಕ್ರಮೇಣ ಅಂಗಡಿಯ ಬಂಡವಾಳದೊಡನೆ ಬೆರೆತುಹೋಗುತ್ತದೆ. ಕೆಲವರಿಗೆ 'ಹಲಾಲ್ ಲಾಭ'ದ ಸೆಳೆತ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ದೂರು ಹಿಡಿದು ಸಾಲುಗಟ್ಟಿದವರು ನಲವತ್ತು ಸಾವಿರಕ್ಕೂ ಅಧಿಕ. ಫಲಕ ನೋಡಿ ಹಣವಿತ್ತವರು ಲೆಕ್ಕಪತ್ರ ನೋಡಿರಲಿಲ್ಲ. ತನ್ನ ಸ್ವಂತ ದುಡ್ಡನ್ನು ಒಬ್ಬಾತ ಅಪಾಯಕ್ಕೊಡ್ಡಿಕೊಳ್ಳಲಿ. ವಿಧವೆಯೊಬ್ಬಳು ಕೊಟ್ಟ ನೂರು ರೂಪಾಯಿಯನ್ನು ಒಡ್ಡುವ ಹಕ್ಕು ಯಾವ ಸಮಿತಿಗೂ ಇಲ್ಲ. ಬ್ಯಾಂಕುಗಳಲ್ಲಿ ಬಡ್ಡಿರಹಿತ ಚಾಲ್ತಿ ಖಾತೆಗಳಿವೆ. ಇಬ್ಬರ ಸಹಿಯಿಲ್ಲದೆ ಹಣ ಹೊರಬಾರದಂತೆ ಅದನ್ನು ತೆರೆಯಲು ಅಡ್ಡಿಯೇನು?

ಝಕಾತನ್ನಂತೂ ಈ ಉಳಿತಾಯಕ್ಕೆ ಬೆರೆಸಲೇಬಾರದು. ಅದು ಅರ್ಹರ ಹಕ್ಕು, ಅದರ ಪುಸ್ತಕವೇ ಬೇರೆಯಿರಬೇಕು.

ಎಷ್ಟು ಉಳಿಸಬೇಕು? ಆರು ತಿಂಗಳ ಖರ್ಚಿನಷ್ಟು ಸಾಕೆಂದು ನನಗನಿಸುತ್ತದೆ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಸಹ ಸಾಮಾನ್ಯವಾಗಿ ವರ್ಷದ ಆದಾಯದ ಶೇ. 85ರಷ್ಟನ್ನು ತಮ್ಮ ಉದ್ದೇಶಕ್ಕೆ ವಿನಿಯೋಗಿಸಬೇಕಾಗುತ್ತದೆ. ಅದೇ ಬೀದಿಯ ಹುಡುಗಿಯೊಬ್ಬಳು ಪಿಯುಸಿ ಶುಲ್ಕವಿಲ್ಲದೆ ಮನೆಯಲ್ಲಿ ಕುಳಿತಿರುವಾಗ, ಬೆಳೆಯುತ್ತಲೇ ಇರುವ ಶಿಲ್ಕನ್ನು ಸಾಧನೆಯೆಂದು ವರದಿಯಲ್ಲಿ ಓದಲು ಕಾರ್ಯದರ್ಶಿಗೆ ನಾಲಗೆ ಬರುವುದಾದರೂ ಹೇಗೆ?

ಮುಂದಿನ ರಮಝಾನಿಗೆ ರಶೀದಿ ಪುಸ್ತಕ ಮುದ್ರಿಸುವ ಮುನ್ನ, ಕಳೆದ ವರ್ಷದ ಜಮಾ-ಖರ್ಚು ಮತ್ತು ಶಿಲ್ಕನ್ನು ಒಂದೇ ಹಾಳೆಯಲ್ಲಿ ಬರೆದು ಮಸೀದಿಯ ಸೂಚನಾ ಫಲಕದಲ್ಲಿ ಅಂಟಿಸಲಿ. ಜುಮಾ ಮುಗಿಸಿ ಹೊರಬರುವವರು ನಿಂತು ಓದಿಕೊಳ್ಳುತ್ತಾರೆ.