ಸತ್ತ ಕಿಮ್ಚಿ, ಸತ್ತ ಇಡ್ಲಿ

ಡಬ್ಬಿಯಲ್ಲಿ ಬರುವ ಕಿಮ್ಚಿ ‘ಸತ್ತ’ ಕಿಮ್ಚಿ ಎಂಬ ಮಾತು ಈಚೆಗೆ ನಮ್ಮಂಥವರ ನಡುವೆ ಬಹಳ ಓಡಾಡುತ್ತಿದೆ. ಅದನ್ನು ಬಿಸಿಮಾಡಿ ಮುಚ್ಚಿರುತ್ತಾರಂತೆ, ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲ ಸತ್ತಿರುತ್ತವಂತೆ, ಆದ್ದರಿಂದ ತಿಂದರೂ ಒಂದೇ ಬಿಟ್ಟರೂ ಒಂದೇ ಅಂತೆ. ಹೀಗೆ ಹೇಳುವವರು ಕೊರಿಯಾದವರಲ್ಲ. ಕೊರಿಯನ್ ಧಾರಾವಾಹಿ ನೋಡುತ್ತಾ ಕಿಮ್ಚಿಯ ಪರಿಚಯವಾದ, ನಮ್ಮದೇ ಆಫೀಸು ಕ್ಯಾಂಟೀನಿನ ಜನ. ಇಷ್ಟು ಹೇಳಿ ಮುಗಿಸಿ ಎರಡು ಇಡ್ಲಿ ತಿನ್ನುತ್ತಾರೆ.

ಆ ಇಡ್ಲಿಯಿಂದಲೇ ಶುರು ಮಾಡೋಣ. ಉದ್ದು, ಅಕ್ಕಿ ರುಬ್ಬಿ ರಾತ್ರಿ ಮುಚ್ಚಿಟ್ಟ ಹಿಟ್ಟನ್ನು ಬೆಳಗಾಗುವುದರೊಳಗೆ ಉಬ್ಬಿಸುವ ಸೂಕ್ಷ್ಮಜೀವಿಗಳಲ್ಲಿ ಮುಖ್ಯವಾದದ್ದು ಲ್ಯೂಕೋನಾಸ್ಟಾಕ್ ಮೆಸೆಂಟರಾಯ್ಡಿಸ್. ಉಪ್ಪು ಹಚ್ಚಿದ ಎಲೆಕೋಸಿನಲ್ಲಿ ಕಿಮ್ಚಿಯ ಹುಳಿಗೆ ನಾಂದಿ ಹಾಡುವುದೂ ಅದೇ ಜೀವಿ. ಸೋಲ್ ನಗರದ ಜಾಡಿಗೂ ದಾವಣಗೆರೆಯ ಹಿಟ್ಟಿನ ಪಾತ್ರೆಗೂ ಒಬ್ಬನೇ ಕೆಲಸಗಾರ. ಆ ಕೆಲಸಗಾರನನ್ನು ನಾವು ಬೆಳಿಗ್ಗೆ ಎದ್ದು ಹತ್ತು ಹನ್ನೆರಡು ನಿಮಿಷ ಹಬೆಯಲ್ಲಿ ಕೂರಿಸಿ ಮುಗಿಸಿಬಿಡುತ್ತೇವೆ. ‘ಛೇ, ಸತ್ತ ಇಡ್ಲಿ’ ಎಂದು ಚಟ್ನಿ ಬಟ್ಟಲು ಆಚೆ ತಳ್ಳಿ ಎದ್ದುಹೋದ ಒಬ್ಬರನ್ನೂ ನಾನು ಕಂಡಿಲ್ಲ. ಜೀವಿ ಹೋದರೂ ಅದು ಮಾಡಿದ ಕೆಲಸ ಉಳಿದಿರುತ್ತದೆ: ಆ ಹುಳಿ, ಆ ಪರಿಮಳ, ಆ ಮೆದುತನ. ನಾವು ತಿನ್ನುವುದು ಅದನ್ನೇ.

ಕೊರಿಯನ್ನರೂ ಅಷ್ಟೇ. ತೀರಾ ಹುಳಿಯಾದ ಹಳೆಯ ಕಿಮ್ಚಿಯನ್ನು ಅವರು ಎಸೆಯುವುದಿಲ್ಲ. ಅದನ್ನು ಬಾಣಲೆಗೆ ಹಾಕಿ ಅನ್ನದ ಜೊತೆ ಹುರಿಯುತ್ತಾರೆ, ತೋಫುವೋ ಹಂದಿಮಾಂಸವೋ ಸೇರಿಸಿ ಕಿಮ್ಚಿ ಜಿಗೇ ಎಂಬ ಸಾರು ಕುದಿಸುತ್ತಾರೆ. ಆ ಸಾರಿಗೆ ಹೊಸ ಕಿಮ್ಚಿ ಸಪ್ಪೆ, ಹಳೆಯದೇ ಬೇಕು. ಕುದಿಯುವ ಆ ಮಡಕೆಯಲ್ಲಿ ಯಾವ ಬ್ಯಾಕ್ಟೀರಿಯಾ ಬದುಕಿರುತ್ತದೆ ಸ್ವಾಮಿ?

ಡಬ್ಬಿಯನ್ನು ಬಿಸಿಮಾಡುವುದಕ್ಕೂ ಕಾರಣವಿದೆ. ಜೀವಂತ ಕಿಮ್ಚಿ ಸುಮ್ಮನೆ ಕೂರುವುದಿಲ್ಲ, ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಬಿಗಿಯಾಗಿ ಮುಚ್ಚಿದರೆ ಡಬ್ಬಿ ಊದಿಕೊಳ್ಳುತ್ತದೆ, ಬಾಟಲಿಯಾದರೆ ಮುಚ್ಚಳ ಸಿಡಿಯುತ್ತದೆ. ಆದ್ದರಿಂದ ಹುಳಿ ಹದಕ್ಕೆ ಬಂದ ಮೇಲೆ ಶಾಖ ಕೊಟ್ಟು ನಿಲ್ಲಿಸಬೇಕು. ಅದೃಷ್ಟಕ್ಕೆ ಹದವಾಗಿ ಹುಳಿತ ಕಿಮ್ಚಿಯ ಪಿಎಚ್ 4.6ಕ್ಕಿಂತ ಕೆಳಗಿರುತ್ತದೆ. ಅಷ್ಟು ಹುಳಿಯಲ್ಲಿ ಬಾಟುಲಿಸಂ ತರುವ ಜೀವಿ ಬೆಳೆಯುವುದಿಲ್ಲ. ಹಾಗಾಗಿ ಪಲಾವಿನ ಪೊಟ್ಟಣಕ್ಕೆ ಬೇಕಾಗುವ 121 ಡಿಗ್ರಿಯ ಒತ್ತಡದ ಬೇಯಿಸುವಿಕೆ ಇದಕ್ಕೆ ಬೇಡ, ಕುದಿಯುವ ನೀರಿನ ಬಿಸಿಯೊಳಗೇ ಕೆಲಸ ಮುಗಿಯುತ್ತದೆ. ಅಷ್ಟು ಬಿಸಿಗೂ ಎಲೆಕೋಸಿನ ಕರಕರ ಹೋಗುತ್ತದೆ ಎಂಬುದು ನಿಜ. ಹೋಗಲಿ. ಮಾವಿನ ಮಿಡಿಯೂ ಉಪ್ಪುನೀರಿನಲ್ಲಿ ಮುರುಟಿದ ಮೇಲೆ ಹಸಿ ಮಿಡಿಯಾಗಿ ಉಳಿಯುವುದಿಲ್ಲ, ಅದನ್ನು ಯಾರೂ ದೂರುವುದಿಲ್ಲ.

ಈ ಡಬ್ಬಿ ಯಾರಿಗಾಗಿ ಹುಟ್ಟಿತು ಎಂಬುದನ್ನು ಟೀಕಾಕಾರರು ಸ್ವಲ್ಪ ತಿಳಿದುಕೊಳ್ಳಬೇಕು. 1964ರಿಂದ 1973ರವರೆಗೆ ದಕ್ಷಿಣ ಕೊರಿಯಾ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ವಿಯೆಟ್ನಾಂಗೆ ಕಳಿಸಿತು. ಆ ಯುದ್ಧ ಸರಿಯೋ ತಪ್ಪೋ ಎಂಬುದು ಬೇರೆಯೇ ಜಗಳ. ಹೋದವರು ಹೆಚ್ಚಿನವರು ಹಳ್ಳಿಯ ಹುಡುಗರು. ಅಮೆರಿಕನ್ನರ ಡಬ್ಬಿ ಊಟ ಅವರಿಗೆ ಒಗ್ಗಲಿಲ್ಲ, ಕಿಮ್ಚಿ ಇಲ್ಲದೆ ತುತ್ತು ಇಳಿಯಲಿಲ್ಲ. ವಿಷಯ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್‌ವರೆಗೂ ಹೋಯಿತು. ವಿಯೆಟ್ನಾಂನ ಸೆಕೆಯಲ್ಲಿ ಕೆಡದ ಕಿಮ್ಚಿ ಬೇಕಾಗಿತ್ತು, ಕೊರಿಯಾದ ಕಾರ್ಖಾನೆಗಳು ಡಬ್ಬಿ ತುಂಬಿದವು. ಅಂದರೆ ಇದು ಸೋಮಾರಿಗಳ ಅಡುಗೆಮನೆಯಿಂದ ಬಂದದ್ದಲ್ಲ. ಮನೆಯಿಂದ ದೂರ ಹೋದವರ ಹೊಟ್ಟೆಗಾಗಿಯೇ ಮಾಡಿದ್ದು. 2008ರಲ್ಲಿ ಕೊರಿಯಾದ ಮೊದಲ ಗಗನಯಾತ್ರಿ ಯಿ ಸೋ-ಯೋನ್ ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಜೊತೆಗೆ ಹೋದದ್ದೂ ವಿಕಿರಣದಿಂದ ಜೀವಿಗಳನ್ನು ಕೊಂದ ಕಿಮ್ಚಿಯೇ.

ನಮಗೂ ಇದು ಹೊಸತಲ್ಲ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ 1961ರಿಂದ ಮಾಡಿಕೊಂಡು ಬಂದದ್ದು ಇದನ್ನೇ, ಗಡಿಯಲ್ಲಿರುವವನಿಗೆ ಕೆಡದ ಊಟ. ಇವತ್ತು ಅಮೆರಿಕಕ್ಕೆ ಹೊರಟ ಮಗನ ಸೂಟ್‌ಕೇಸಿನಲ್ಲಿ ನೀರು ಕುದಿಸಿ ಪೊಟ್ಟಣ ಅದ್ದಿದರೆ ಸಾಕೆನ್ನುವ ಬಿಸಿಬೇಳೆಬಾತ್ ತುಂಬುವಾಗ ‘ಸತ್ತ ಬಿಸಿಬೇಳೆಬಾತ್’ ಎಂದು ಯಾವ ಅಪ್ಪನೂ ಅಳುವುದಿಲ್ಲ.

ಇನ್ನೊಂದು ಗುಂಪಿದೆ, ಇವರ ಮೇಲೆ ನನಗೆ ಹೆಚ್ಚು ಸಿಟ್ಟು. ‘ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ, ಏನು ಮಹಾ?’ ಎನ್ನುವವರು. ಕೊರಿಯಾದಲ್ಲಿ ಚಳಿಗಾಲಕ್ಕೆ ಮುಂಚೆ ಕಿಮ್ಚಿ ಹಾಕುವ ಕಿಮ್ಜಾಂಗ್ ಎಂಬ ಪದ್ಧತಿಯನ್ನು ಯುನೆಸ್ಕೋ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಚಿತ್ರಗಳಲ್ಲಿ ನೋಡಲು ಬಹಳ ಚೆಂದ. ಅದೇ ಚಿತ್ರಗಳಲ್ಲಿ ಮೊಣಕೈವರೆಗೆ ಕೆಂಪು ಮೆಣಸಿನ ಮಸಾಲೆ ಮೆತ್ತಿಕೊಂಡು, ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತವರು ಯಾರು ಎಂದೂ ನೋಡಿ. ಸಾಲುಸಾಲಾಗಿ ಹೆಂಗಸರು. ನೂರಾರು ಎಲೆಕೋಸು ಸೀಳಿ, ಉಪ್ಪು ಹಚ್ಚಿ, ತೊಳೆದು, ಎಲೆ ಎಲೆಯ ನಡುವೆ ಮಸಾಲೆ ತುಂಬುವ ಎರಡು ಮೂರು ದಿನದ ಕೆಲಸ. ಹಳ್ಳಿ ಬಿಟ್ಟು ಸೋಲ್‌ನ ಅಪಾರ್ಟ್‌ಮೆಂಟುಗಳಿಗೆ ಬಂದವರಿಗೆ ಜಾಡಿ ಹೂಳಲು ಅಂಗಳವೇ ಇರಲಿಲ್ಲ. 1990ರ ದಶಕದಲ್ಲಿ ಅವರ ನಡುವೆ ಕಿಮ್ಚಿಗೆಂದೇ ಬೇರೆ ಫ್ರಿಜ್ಜು ಜನಪ್ರಿಯವಾಯಿತು. ಇವತ್ತು ಕೊಂಡು ತಿನ್ನುವವರು ಅಲ್ಲಿ ಬೇಕಾದಷ್ಟು, ಅದೂ ಎಷ್ಟೋ ಸಲ ಚೀನಾದಲ್ಲಿ ತಯಾರಾದದ್ದು. ಪದ್ಧತಿ ಹುಟ್ಟಿದ ನೆಲದವರೇ ಇಷ್ಟು ರಾಜಿಯಾಗಿರುವಾಗ, ಪುಣೆಯ ಪಿಜಿಯಲ್ಲಿ ಐದು ಜನರ ನಡುವೆ ಒಂದು ಫ್ರಿಜ್ಜಿನ ಅರ್ಧ ಅಡ್ಡಪಟ್ಟಿ ಪಡೆದ ಹುಡುಗಿ ಎಲ್ಲಿ ಜಾಡಿ ಇಡಬೇಕು?

ಈ ಉಪದೇಶ ಗಂಡಸರ ಕಡೆಗೆ ಹೋಗುವುದು ಅಪರೂಪ. ಒಬ್ಬನೇ ಇರುವ ಹುಡುಗ ಡಬ್ಬಿ ತೆರೆದರೆ ‘ಪಾಪ, ಒಬ್ಬನೇ’. ಮದುವೆಯಾದ ಹೆಂಗಸು ತೆರೆದರೆ ‘ಈಗಿನವರಿಗೆ ಕೈ ಬಗ್ಗುವುದಿಲ್ಲ’. ಹೊರನಾಡಿನಲ್ಲಿ ಕೂತು ಬರೆಯುವ ನಾವೂ ಇದಕ್ಕೆ ನೀರೆರೆದಿದ್ದೇವೆ. ಅಮ್ಮನ ಭರಣಿ, ಅಜ್ಜಿಯ ಕೈರುಚಿ, ರಾತ್ರಿ ಬಸ್ಸಿನಲ್ಲಿ ಬಂದ ಅಪ್ಪೆಮಿಡಿ ಎಂದು ಎಷ್ಟು ಪ್ರಬಂಧ ಬಂದಿಲ್ಲ ನಮ್ಮಲ್ಲಿ? ಮಿಡಿಯ ಪರಿಮಳಕ್ಕೆ ಎರಡು ಪುಟ, ಸಾಸಿವೆ ಅರೆದ ರಟ್ಟೆಗೆ ಅರ್ಧ ಸಾಲು. ಆ ಅಜ್ಜಿಗೆ ಒಂದು ವರ್ಷ ಉಪ್ಪಿನಕಾಯಿ ಹಾಕದೆ ಸುಮ್ಮನೆ ಕೂರುವ ಆಸೆ ಇತ್ತೋ ಇಲ್ಲವೋ, ಯಾವ ಪ್ರಬಂಧಕಾರನೂ ಕೇಳಿದ ಹಾಗೆ ಕಾಣೆ.

ಹಾಗೆಂದು ಡಬ್ಬಿ ಮಾರುವವರ ಪರ ವಕಾಲತ್ತು ಇದಲ್ಲ. ಬಿಸಿಮಾಡಿದ ಕಿಮ್ಚಿಯ ಮೇಲೆ ಹೊಟ್ಟೆಯ ಆರೋಗ್ಯಕ್ಕೆ ಪ್ರೋಬಯಾಟಿಕ್ ಎಂದು ಅಚ್ಚು ಹಾಕಿದರೆ ಅದು ಶುದ್ಧ ಸುಳ್ಳು. ಜೀವಂತ ಬ್ಯಾಕ್ಟೀರಿಯಾವೇ ಬೇಕೆನ್ನುವವರು ಫ್ರಿಜ್ಜಿನಲ್ಲಿಟ್ಟ ಕಿಮ್ಚಿ ಕೊಳ್ಳಲಿ, ಇಲ್ಲವೇ ಮೊಸರನ್ನ ತಿನ್ನಲಿ, ಅದು ಅಗ್ಗವೂ ಹೌದು. ಉಪ್ಪು ಇದರಲ್ಲಿ ಜೋರಾಗಿಯೇ ಇರುತ್ತದೆ, ಬಿಪಿ ಇರುವವರು ಹಿಂದಿನ ಪಟ್ಟಿ ಓದಬೇಕು. ಸಸ್ಯಾಹಾರಿಗಳು ಇನ್ನೂ ಎಚ್ಚರದಿಂದ ಓದಬೇಕು. ಎಲೆಕೋಸು, ಮೆಣಸು, ಬೆಳ್ಳುಳ್ಳಿ ಎಂದು ನಂಬಿ ತಂದರೆ ಒಳಗೆ ಮೀನಿನ ರಸವೋ ಉಪ್ಪು ಹಾಕಿದ ಸೀಗಡಿಯೋ ಇರುತ್ತದೆ, ಹೆಚ್ಚಿನ ಕಿಮ್ಚಿಯ ರುಚಿಯ ಗುಟ್ಟೇ ಅದು. ಹಸಿರು ಚುಕ್ಕೆ ನೋಡದೆ ಕೈಹಾಕಬೇಡಿ.

ನಾನಿರುವ ಚೆನ್ನೈಯಲ್ಲಿ ಕಾರು ಕಾರ್ಖಾನೆಗಳ ದೆಸೆಯಿಂದ ಕೊರಿಯನ್ನರೂ ಅವರ ಅಂಗಡಿಗಳೂ ಇವೆ. ಅಲ್ಲಿಂದ ತಂದ ಡಬ್ಬಿ ನನ್ನ ಕಪಾಟಿನಲ್ಲಿ ತೊಗರಿಬೇಳೆಯ ಪಕ್ಕ ಇರುತ್ತದೆ, ಕರೆಂಟು ಹೋದರೂ ಅದಕ್ಕೆ ಚಿಂತೆಯಿಲ್ಲ. ತಣ್ಣಗೆ ಹಾಗೇ ತಿಂದರೆ ನಿಜಕ್ಕೂ ಚೆನ್ನಾಗಿರುವುದಿಲ್ಲ, ನೆನೆದ ಬಟ್ಟೆ ಅಗಿದ ಹಾಗೆ. ಇದನ್ನು ತೆರೆಯಬೇಕಾದದ್ದು ಒಲೆ ಹಚ್ಚಿದ ಮೇಲೆ. ರಸ ಹಿಂಡಿ ಬೇರೆ ಇಡಿ. ಬಾಣಲೆಗೆ ಎರಡು ಚಮಚ ಎಳ್ಳೆಣ್ಣೆ, ಒಂದು ಈರುಳ್ಳಿ, ಆಮೇಲೆ ಕತ್ತರಿಸಿದ ಕಿಮ್ಚಿ ಹಾಕಿ ಅಂಚು ಕಂದುವವರೆಗೆ ಹುರಿಯಿರಿ. ನಿನ್ನೆಯ ಅನ್ನ ಹಾಕಿ, ಹಿಂಡಿಟ್ಟ ರಸ ಸುರಿದು ಜೋರು ಉರಿಯಲ್ಲಿ ತಿರುವಿ. ಬೇರೆ ಉಪ್ಪು ಬೇಡ. ತಿನ್ನುವವರಿದ್ದರೆ ಮೇಲೊಂದು ಮೊಟ್ಟೆ. ಉಳಿದದ್ದನ್ನು ಡಬ್ಬಿಯಲ್ಲೇ ಬಿಡಬೇಡಿ, ಗಾಜಿನ ಬಾಟಲಿಗೆ ಬಗ್ಗಿಸಿ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ. ಹುರಿಯುವಾಗ ಬೆಳ್ಳುಳ್ಳಿ ವಾಸನೆ ಮೂರು ಮನೆ ಆಚೆಗೂ ಹೋಗುತ್ತದೆ, ಓನರ್ ಆಂಟಿ ಕೇಳಿದರೆ ಕೊರಿಯಾದ ಗೊಜ್ಜು ಎಂದುಬಿಡಿ.