ವೈದ್ಯರ ಮೇಲೆ ಮೊಕದ್ದಮೆ: ಖಾಲಿ ಸಿಲಿಂಡರಿಗೆ ಹೊಣೆ ಯಾರು?

1995ರ ಫೆಬ್ರುವರಿ 22ರ ರಾತ್ರಿ ಪಂಜಾಬಿನ ಲೂಧಿಯಾನದ ಆಸ್ಪತ್ರೆಯೊಂದರಲ್ಲಿ ಕ್ಯಾನ್ಸರ್ ರೋಗಿಯೊಬ್ಬರಿಗೆ ಉಸಿರಾಟ ಕಷ್ಟವಾಯಿತು. ಮನೆಯವರ ದೂರಿನ ಪ್ರಕಾರ, ಕರೆದರೂ 20-25 ನಿಮಿಷ ವೈದ್ಯರು ಬರಲಿಲ್ಲ. ಬಂದ ಮೇಲೆ ಜೋಡಿಸಿದ ಆಮ್ಲಜನಕದ ಸಿಲಿಂಡರ್ ಖಾಲಿಯಾಗಿತ್ತು. ಮಗನೇ ಪಕ್ಕದ ಕೋಣೆಯಿಂದ ಇನ್ನೊಂದನ್ನು ತಂದರೂ ಅದನ್ನು ಅಳವಡಿಸುವ ವ್ಯವಸ್ಥೆ ಇರಲಿಲ್ಲ. ಅಷ್ಟರಲ್ಲಿ ರೋಗಿಯ ಪ್ರಾಣ ಹೋಗಿತ್ತು. ಇಬ್ಬರು ವೈದ್ಯರ ಮೇಲೆ ಭಾರತೀಯ ದಂಡಸಂಹಿತೆಯ 304-ಎ ಕಲಮಿನಡಿ ಮೊಕದ್ದಮೆ ದಾಖಲಾಯಿತು.

2005ರ ಆಗಸ್ಟ್ 5ರಂದು, ಮುಖ್ಯ ನ್ಯಾಯಮೂರ್ತಿ ಆರ್.ಸಿ. ಲಹೋಟಿ ನೇತೃತ್ವದ ಸುಪ್ರೀಂಕೋರ್ಟ್ ಪೀಠ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಈ ಮೊಕದ್ದಮೆಯನ್ನು ಕೈಬಿಟ್ಟಿತು. ಸಿಲಿಂಡರ್ ಇಲ್ಲದ್ದಕ್ಕೆ ಆಸ್ಪತ್ರೆ ಸಿವಿಲ್ ಕಾನೂನಿನಡಿ ಹೊಣೆಯಾಗಬಹುದು, ಆಗದಿರಲೂಬಹುದು. ವೈದ್ಯರನ್ನು ಜೈಲಿಗೆ ಕಳಿಸಲು ಘೋರ ನಿರ್ಲಕ್ಷ್ಯವೇ ಬೇಕು ಎಂಬುದು ತೀರ್ಪಿನ ಸಾರ. ಪೊಲೀಸರು ಮೊದಲು ಬೇರೊಬ್ಬ ತಜ್ಞ ವೈದ್ಯರ, ಆದಷ್ಟೂ ಸರ್ಕಾರಿ ಸೇವೆಯಲ್ಲಿರುವವರ, ಅಭಿಪ್ರಾಯ ಪಡೆಯಬೇಕೆಂದೂ ಕೋರ್ಟ್ ಹೇಳಿತು. ವೈದ್ಯರ ತಪ್ಪಿಗೆ ವೈದ್ಯರೇ ಸಾಕ್ಷಿ ಎಂದರೆ ಮೃತರ ಬಂಧುಗಳಿಗೆ ನಂಬಿಕೆ ಹುಟ್ಟುವುದು ಕಷ್ಟ. ಆದರೆ ಶಸ್ತ್ರಚಿಕಿತ್ಸೆಯ ಸರಿತಪ್ಪು ಠಾಣೆಯಲ್ಲಿ ತೀರ್ಮಾನವಾಗುವುದೂ ಅಷ್ಟೇ ಅಪಾಯಕಾರಿ.

ಪರಿಹಾರದ ದಾರಿ ತೆರೆದಿದೆ, ಆದರೆ ದೀರ್ಘವಾಗಿದೆ. ಕೋಲ್ಕತ್ತದಲ್ಲಿ ಚಿಕಿತ್ಸೆ ಪಡೆದು 1998ರಲ್ಲಿ ಮೃತಪಟ್ಟ ಮಹಿಳೆಯೊಬ್ಬರ ಪತಿಗೆ ಸುಪ್ರೀಂಕೋರ್ಟ್ ಸುಮಾರು 6 ಕೋಟಿ ರೂಪಾಯಿ ನೀಡಿದ್ದು 2013ರಲ್ಲಿ.

2023ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಗೃಹ ಸಚಿವ ಅಮಿತ್ ಶಾ ವೈದ್ಯರಿಗೆ ವಿನಾಯಿತಿ ಕೊಡುವುದಾಗಿ ಘೋಷಿಸಿದರು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮನ್ನು ಓದಿದರೆ ಆ ವಿನಾಯಿತಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಇತರರಿಗೆ ಶಿಕ್ಷೆ 5 ವರ್ಷದವರೆಗೆ ಏರಿತು. ನೋಂದಾಯಿತ ವೈದ್ಯರಿಗೆ 2 ವರ್ಷದವರೆಗೆ, ಅಂದರೆ ಹಳೆಯಷ್ಟೇ ಉಳಿಯಿತು. ಹಳೆಯ ಕಲಮಿನಲ್ಲಿ ಜೈಲು ಅಥವಾ ದಂಡ ಎಂದಿತ್ತು. ಹೊಸದರಲ್ಲಿ ಜೈಲಿನ ಜೊತೆಗೆ ದಂಡವೂ ಸೇರಿದೆ.

ಲೂಧಿಯಾನದ ಪ್ರಶ್ನೆ ಕರ್ನಾಟಕಕ್ಕೂ ಬಂತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ ಸಂಶಯ ಹೋದದ್ದು ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ರಾಜ್ಯ ಸರ್ಕಾರ ಅಮಾನತುಗೊಳಿಸಿದ್ದು ಹೆರಿಗೆ ಮಾಡಿಸಿದವರನ್ನಲ್ಲ, ಔಷಧ ನಿಯಂತ್ರಕರನ್ನು.